ಶನಿವಾರದ ಸೂಜಿ

ನರಸಿಂಹರಾಜಪುರ ತಾಲ್ಲೂಕು,
ಭಾನುವಾರ, 18-4-2010

ಚಿ. ಸೌ. ನಿಶ್ಚಿತಾಳಿಗೆ ಅಪ್ಪನ ಆಶೀರ್ವಾದಗಳು.

ಕ್ಷೇಮ ಎಂದು ಮೊದಲ ಸಾಲಿಗೇ ಬರೆದು ಮುಂದಕ್ಕೆ ಹೋಗುವುದು ನನ್ನ ಅಭ್ಯಾಸ. ಇವತ್ತು ಆ ಸಾಲನ್ನು ಬಿಟ್ಟಿದ್ದೇನೆ. ನನಗೇನೂ ಆಗಿಲ್ಲ, ಗಾಬರಿ ಬೇಡ. ಸಕ್ಕರೆ ಹಿಡಿತದಲ್ಲಿದೆ. ಮಂಡಿ ಮಾತ್ರ ಮೆಟ್ಟಿಲು ಹತ್ತುವಾಗ ಜಗಳ ತೆಗೆಯುತ್ತದೆ. ಆದರೆ ಸುತ್ತಮುತ್ತ ನೋಡಿದರೆ ಆ ಪದ ಬರೆಯಲು ಕೈ ಬರುತ್ತಿಲ್ಲ.

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ತಡವಾದುದಕ್ಕೆ ‘ಅನ್‌ಅವಾಯ್ಡಬಲ್ ಸರ್ಕಮ್‌ಸ್ಟಾನ್ಸಸ್’ ಎಂದು ಬರೆದುಬಿಡಬಹುದು. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ಪ್ರತಿ ರಜೆಯ ಅರ್ಜಿಗೂ ಅದನ್ನೇ ಬರೆದವನು ನಾನು. ಅಂಥ ಸರ್ಕಮ್‌ಸ್ಟಾನ್ಸ್ ಯಾವುದೂ ಇರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಉಪ್ಪಿಟ್ಟೋ ಅವಲಕ್ಕಿಯೋ ಏನಾದರೊಂದು ಮಾಡಿಕೊಂಡು, ನಿನ್ನ ಕಾಗದ ತೆಗೆದು ಓದುತ್ತಿದ್ದೆ. ಮಡಚಿ ಇಡುತ್ತಿದ್ದೆ. ಮಧ್ಯಾಹ್ನ ಮತ್ತೆ ತೆಗೆಯುತ್ತಿದ್ದೆ. ಹೀಗೆ ಹನ್ನೆರಡು ದಿನ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಇಲ್ಲಿ ಸಿಗ್ನಲ್ ಸಿಗುವುದು ಹಾಲಿನ ಸೊಸೈಟಿಯ ಮೆಟ್ಟಿಲ ಮೇಲೆ ಮಾತ್ರ. ನಾನು ಬಾಡಿಗೆಗಿರುವುದು ಅದರ ಮಹಡಿಯ ಮೇಲೇ ಆದರೂ ಮಹಡಿಗೆ ಸಿಗ್ನಲ್ ಹತ್ತುವುದಿಲ್ಲ. ಮೆಟ್ಟಿಲಲ್ಲಿ ನಿಂತು ‘ಹಲೋ’ ಎಂದರೆ ಕ್ಯಾನು ಹಿಡಿದ ಇಪ್ಪತ್ತು ಜನ ಹಾಲು ಅಳೆಯುವುದನ್ನು ಬಿಟ್ಟು ನನ್ನ ಮುಖ ನೋಡುತ್ತಾರೆ. ಆ ಕಡೆ ನಿನಗೆ ಅತ್ತೆಯ ಕಿವಿ. ನೀನು ಫೋನು ಬಿಟ್ಟು ಕಾಗದ ಬರೆದದ್ದೂ ಅದಕ್ಕೇ ಅಲ್ಲವೇ?

ನೀನು ಕೇಳಿದ್ದನ್ನು ಸರಿಯಾಗಿ ತಿಳಿದುಕೊಂಡಿದ್ದೇನೆಯೇ ನೋಡು. ಈ ಬರುವ ಶನಿವಾರ, ಇಪ್ಪತ್ನಾಲ್ಕನೇ ತಾರೀಕು, ಬೆಳಿಗ್ಗೆ ಹತ್ತಕ್ಕೆ ಕೊಪ್ಪದ ನಿಮ್ಮ ಆಸ್ಪತ್ರೆಗೆ ಹಂದಿಜ್ವರದ ಹೊಸ ಲಸಿಕೆ ಬರುತ್ತದೆ. ಊರವರಿಗಲ್ಲ, ರೋಗಿಗಳನ್ನು ಮುಟ್ಟುವ ನಿಮಗೇ ಮೊದಲು. ಬೇಕಾದವರು ತೋಳು ಕೊಡಬೇಕು. ಬೇಡದವರು ‘ನನ್ನ ಸ್ವಂತ ಇಚ್ಛೆಯಿಂದ ನಿರಾಕರಿಸಿದ್ದೇನೆ’ ಎಂಬ ಹಾಳೆಗೆ ಸಹಿ ಹಾಕಬೇಕು. ಮಧ್ಯಾಹ್ನ ಐಸ್ ಪೆಟ್ಟಿಗೆ ಹೊರಟುಹೋದರೆ ಮತ್ತೆ ಯಾವಾಗ ಬರುತ್ತದೆಂದು ಯಾರೂ ಹೇಳುತ್ತಿಲ್ಲ. ಹನ್ನೊಂದು ಸಿಸ್ಟರುಗಳಲ್ಲಿ ನಾಲ್ವರು ಈಗಾಗಲೇ ಬೇಡ ಎಂದಿದ್ದಾರೆ. ಮಳೆ ಹಿಡಿದ ಮೇಲೆ ಕಳೆದ ವರ್ಷದ ಜ್ವರ ತಿರುಗಿ ಬರುತ್ತದೆ ಎಂದು ನಿಮ್ಮ ದೊಡ್ಡ ಡಾಕ್ಟರು ಹೇಳಿದ್ದಾರೆ. ಬಂದರೆ ಆ ಪ್ರತ್ಯೇಕ ಕೋಣೆಯ ಡ್ಯೂಟಿ ನಿನ್ನದೇ. ಡ್ಯೂಟಿ ಮುಗಿಸಿ ಮನೆಗೆ ಹೋದರೆ ಮೂರು ವರ್ಷದ ಸಿರಿ ಓಡಿಬಂದು ಕೊರಳಿಗೆ ಜೋತುಬೀಳುತ್ತಾಳೆ.

‘ಇವರು ಬೇಡ ಅಂತಾರೆ. ನಾನು ಬೇರೆ ಯಾರನ್ನೂ ಕೇಳಲ್ಲ. ನೀನು ಸಾವಿರಾರು ಜನಕ್ಕೆ ಚುಚ್ಚಿದವನು, ನೀನು ಹೇಳಿದ ಹಾಗೆ ಮಾಡ್ತೀನಿ’ ಎಂದು ಬರೆದಿದ್ದೀಯ. ಅದರ ಕೆಳಗೆ, ಬೇರೆ ಪೆನ್ನಿನಲ್ಲಿ, ಆಮೇಲೆ ಸೇರಿಸಿದ ಹಾಗಿದೆ: ‘ಆದ್ರೆ ಅಪ್ಪ, ಅಮ್ಮ ಎರಡೂ ಸೂಜಿ ತಗೊಂಡಿದ್ಲಲ್ಲ. ಆದ್ರೂ ಹೋದ್ಲಲ್ಲ.’

ನಾನು ಮಡಚಿ ಮಡಚಿ ಕಾಗದ ಹರಿದಿರುವುದು ಸರಿಯಾಗಿ ಆ ಸಾಲಿನ ಮೇಲೆಯೇ.

ನಮ್ಮ ಶಿವಮೊಗ್ಗದ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರೊಬ್ಬರು ಡಿಬೇಟ್ ಮಾಡಿಸುತ್ತಿದ್ದರು. ಒಬ್ಬನೇ ಹುಡುಗ ಮೊದಲು ‘ಫಾರ್’ ಮಾತಾಡಬೇಕು, ಆಮೇಲೆ ಅದೇ ಬಾಯಲ್ಲಿ ‘ಅಗೆನ್ಸ್ಟ್’ ಮಾತಾಡಬೇಕು, ಕೊನೆಗೆ ‘ಹೆನ್ಸ್ ಐ ಕನ್‌ಕ್ಲೂಡ್’ ಎಂದು ಮುಗಿಸಬೇಕು. ಎರಡು ವರ್ಷಕ್ಕೆ ನಾನು ಕಾಲೇಜು ಬಿಟ್ಟೆ, ಇಂಗ್ಲಿಷೂ ಅರ್ಧ ದಾರಿಯಲ್ಲಿ ಇಳಿದುಹೋಯಿತು. ಆ ಕ್ರಮ ಮಾತ್ರ ತಲೆಯಲ್ಲಿ ಉಳಿದಿದೆ. ಅದೇ ಪ್ರಕಾರ ಬರೆಯುತ್ತೇನೆ.

ಫಾರ್. ಕಳೆದ ಸೆಪ್ಟೆಂಬರಿನಲ್ಲಿ ಹಂದಿಜ್ವರ ಹಿಡಿದು ಬಂದ, ಕೊಪ್ಪದ ಹತ್ತಿರದ ನಾರ್ವೆ ಊರಿನ ಆ ಹೆಂಗಸು. ಏಳು ತಿಂಗಳ ಬಸುರಿ, ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದವಳು. ‘ಸ್ವಲ್ಪ ಕೆಮ್ಮು ಅಷ್ಟೇ ಸಿಸ್ಟರೇ, ಒಂದು ಮಾತ್ರೆ ಕೊಡಿ, ಬಸ್ಸು ಹೋಗಿಬಿಡುತ್ತೆ’ ಎಂದು ನಡೆದುಕೊಂಡೇ ಬಂದಿದ್ದಳಂತೆ. ಸಂಜೆಗೆ ಅವಳ ಉಗುರು ನೀಲಿಯಾಯಿತು. ಆಂಬುಲೆನ್ಸಿನಲ್ಲಿ ಶಿವಮೊಗ್ಗದವರೆಗೆ ಅವಳ ಮೂಗಿಗೆ ಮಾಸ್ಕ್ ಹಿಡಿದು ಕೂತವಳು ನೀನು. ಅವಳು ನಿನ್ನ ಬಳೆಗಳನ್ನು ಹಿಡಿದ ಹಿಡಿತ ಬಿಡಿಸಲಾಗದೆ ಎರಡು ಬಳೆ ಒಡೆದವು ಎಂದು ಹೇಳಿದ್ದೆ. ವಾಪಸು ಬಂದು ಏಳು ದಿನ ಹೊರಗಿನ ಕೋಣೆಯಲ್ಲಿ ಒಬ್ಬಳೇ ಮಲಗಿದೆ. ಸಿರಿ ಬಾಗಿಲಿನ ಸಂದಿಯಲ್ಲಿ ಕೈ ತೂರಿಸಿ ‘ಅಮ್ಮ ಬೆರಳು ಕೊಡು, ಒಂದೇ ಬೆರಳು’ ಎಂದು ಅಳುತ್ತಿದ್ದುದನ್ನು ನಾನೇ ಬಂದಾಗ ನೋಡಿದೆ. ನೀನು ಒಳಗಿನಿಂದ ಬಾಗಿಲು ಗೀರುತ್ತಿದ್ದೆ, ಬೆರಳು ಕೊಡಲಿಲ್ಲ. ಫಾರ್ ಎನ್ನಲು ನನಗೆ ಇದಕ್ಕಿಂತ ಹೆಚ್ಚು ಬೇಡ.

ಅಗೆನ್ಸ್ಟ್. ಅಳಿಯ ಬಸವೇಶ್ ಹೋದ ತಿಂಗಳು ಬಂದಿದ್ದಾಗ ಇದೇ ಮೆಟ್ಟಿಲ ಮೇಲೆ ಕೂತು ಹೇಳಿದ. ‘ಮಾವ, ನನ್ನ ಬಾಳಗಡಿ ಅಂಗಡಿಗೆ ಬೆಳೆಗೆ ಹೊಡೆಯೋ ಹೊಸ ಔಷಧಿ ಬಂದ್ರೆ ಮೊದಲನೇ ವರ್ಷ ನಾನು ನಂಟರಿಗೆ ಕೊಡಲ್ಲ. ಒಂದು ಸೀಸನ್ ನೋಡ್ತೀನಿ. ಯಾರ ತೋಟ ಸುಟ್ಟೋಯ್ತು, ಯಾರದ್ದು ಉಳೀತು ಅಂತ. ಈ ಲಸಿಕೆ ಹುಟ್ಟಿ ಒಂದು ವರ್ಷ ಆಗಿಲ್ಲ. ಇವಳ ಮೇಲೆ ಟ್ರಯಲ್ ನೋಡೋದು ಬೇಡ.’ ಪ್ರೀತಿಯಿಂದ ಹೇಳಿದ ಮಾತು, ತಳ್ಳಿಹಾಕುವಂಥದ್ದಲ್ಲ. ನಿನ್ನ ಅತ್ತೆಯದು ಬೇರೆ. ‘ಇದು ಚುಚ್ಚಿಸ್ಕೊಂಡ್ರೆ ಇನ್ನೊಂದು ಮಗು ಆಗಲ್ಲಂತೆ’ ಎಂದರು. ‘ಯಾರು ಹೇಳಿದ್ರು?’ ಎಂದು ಕೇಳಿದೆ. ‘ಎಲ್ರೂ ಹೇಳ್ತಾರೆ.’ ಈ ಎಲ್ರೂ ಎಂಬವರನ್ನು ನಾನು ಮೂವತ್ತೊಂದು ವರ್ಷ ಹುಡುಕಿದ್ದೇನೆ, ಯಾವ ಊರಿನಲ್ಲೂ ಮನೆಯಲ್ಲಿ ಸಿಕ್ಕಿಲ್ಲ.

ಹೆನ್ಸ್ ಐ ಕನ್‌ಕ್ಲೂಡ್ ಎಂದು ಬರೆದು, ಮುಂದೆ ಏನೂ ಹೊಳೆಯದೆ, ಮೊನ್ನೆ ಬುಧವಾರ ಬಾಳೆಹೊನ್ನೂರಿಗೆ ಬಸ್ಸು ಹತ್ತಿದೆ. ನಮ್ಮ ಲಸಿಕೆಯ ಜೀಪು ಓಡಿಸುತ್ತಿದ್ದ ಸುಬ್ರಾಯ ನಿನಗೆ ನೆನಪಿರಬೇಕು. ನಿನ್ನನ್ನು ಸ್ಟಿಯರಿಂಗ್ ಮುಂದೆ ಕೂರಿಸಿಕೊಂಡು ಹಾರ್ನ್ ಮಾಡಿಸುತ್ತಿದ್ದವನು. ಈಗ ಮಗನ ಸೈಕಲ್ ಶಾಪಿನಲ್ಲಿ ಕೂತಿರುತ್ತಾನೆ. ನಿನ್ನ ವಿಷಯ ಹೇಳಿದೆ.

‘ಹೌದು ಅಂತ ಬರಿ, ಇಲ್ಲಾಂದ್ರೆ ಅಲ್ಲ ಅಂತ ಬರಿ. ಅದ್ಕೆ ಬಸ್ ಚಾರ್ಜ್ ಕೊಟ್ಟು ಇಲ್ಲೀ ತನ್ಕ ಬರೋದಾ ಮಾರಾಯ?’

‘ನಿನ್ನ ಮಗಳು ಕೇಳಿದ್ರೆ ಎಂತ ಹೇಳ್ತಿದ್ದೆ?’

‘ನನ್ನ ಮಗಳು ನನ್ನ ಕೇಳ್ತಾಳಾ? ಜೀಪಿನ ಗೇರ್ ಬಗ್ಗೆ ಕೇಳಿದ್ರೆ ಹೇಳ್ತೀನಿ. ಸೂಜಿ ನಿನ್ನ ಡಿಪಾರ್ಟ್‌ಮೆಂಟು.’

ಆಮೇಲೆ ಹಳೆಯದೆಲ್ಲ ಬಂತು. ಮಂಗನ ಕಾಯಿಲೆಯ ಲಸಿಕೆಗೆ ತಿಂಗಳ ಅಂತರದಲ್ಲಿ ಎರಡು ಸೂಜಿ, ನಿನಗೆ ಗೊತ್ತು. ಅದು ಬೆಂಕಿಯ ಹಾಗೆ ಉರಿಯುತ್ತಿತ್ತು, ಕೆಲವರಿಗೆ ನಾಲ್ಕೈದು ದಿನ ತೋಳು ಎತ್ತಲಾಗುತ್ತಿರಲಿಲ್ಲ. ‘ಮೊದಲನೇ ರೌಂಡಿಗೆ ಮದುವೆಗೆ ಬಂದ ಹಾಗೆ ಬರೋರು’ ಎಂದ ಸುಬ್ರಾಯ. ‘ಎರಡನೇ ರೌಂಡಿಗೆ ನಮ್ಮ ಹಾರ್ನ್ ಕೇಳಿದ್ರೆ ನಾಯಿ ಸುದ್ದ ಗುಡ್ಡ ಹತ್ತೋದು!’ ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ನಗು ನಿಂತ ಮೇಲೆ ಅವನು, ‘ಆ ರಿಜಿಸ್ಟರ್‌ಗಳೆಲ್ಲ ಈಗ ಎಲ್ಲಿರ್ತವೆ ಜಯದೇವಪ್ಪ?’ ಎಂದ.

‘ಗೆದ್ದಲು ತಿಂದಿರ್ಬೇಕು.’

‘ತಿನ್ನಲಿ ಬಿಡು’ ಎಂದವನು ಪಂಚರ್ ಹಾಕುವುದಿದೆ ಎಂದು ಎದ್ದುಹೋದ. ಅಂಗಡಿಯಲ್ಲಿ ಪಂಚರ್ ಆದ ಸೈಕಲ್ ಒಂದೂ ಇರಲಿಲ್ಲ.

ಕರೆಂಟು ಹೋಯಿತು. ಉಳಿದದ್ದು ನಾಳೆ ಬರೆಯುತ್ತೇನೆ.

ಮಂಗಳವಾರ, 20ನೇ ತಾರೀಕು

ನಿನ್ನೆ ಬರೆಯಲಾಗಲಿಲ್ಲ. ಶಾಲೆಯ ಹಿಂದಿನ ಹಲಸಿನ ಮರದ ಕೆಳಗೆ ಒಂದು ಮಂಗ ಸತ್ತುಬಿದ್ದಿತ್ತು. ಇವತ್ತು ಹೊಳೆಯ ದಾರಿಯಲ್ಲಿ ಇನ್ನೆರಡು, ತಾಯಿ ಮತ್ತು ಮರಿ. ಮರಿ ತಾಯಿಯ ಹೊಟ್ಟೆಯನ್ನು ಹಿಡಿದುಕೊಂಡೇ ಇತ್ತು. ಹತ್ತಿರ ಕಾಗೆ ಕೂಡ ಸುಳಿದಿರಲಿಲ್ಲ. ಮಂಗ ಸತ್ತರೆ ಅದರ ಮೈಮೇಲಿನ ಉಣ್ಣೆಗಳು ಇಳಿದು ಎಲೆಯೊಳಗೆ ಸೇರಿಕೊಂಡು ಮನುಷ್ಯರಿಗೆ ಕಾಯುತ್ತವೆ ಎಂದು ಊರೂರಿಗೆ ಹೋಗಿ ಭಾಷಣ ಮಾಡಿದವನಲ್ಲವೇ ನಾನು. ಸತ್ತದ್ದು ಈ ಕಾಯಿಲೆಯಿಂದಲೋ ಬೇರೆಯದರಿಂದಲೋ ಗೊತ್ತಿಲ್ಲ, ತಿಳಿಸಬೇಕಾದವರಿಗೆ ತಿಳಿಸಿದ್ದೇನೆ. ಆದರೆ ಹಲಸಿನ ಕಾಲದಲ್ಲಿ ಮಂಗಗಳ ಗಲಾಟೆಗೆ ಪಕ್ಕದವರ ಮಾತು ಕೇಳಿಸಬಾರದು. ಎರಡು ದಿನದಿಂದ ಕಾಡಿನ ಕಡೆಯಿಂದ ಒಂದು ಸದ್ದಿಲ್ಲ. ಬೆಳಿಗ್ಗೆ ಕಿಟಕಿ ತೆಗೆದರೆ ಯಾರೋ ಉಸಿರು ಹಿಡಿದು ಬೇಲಿಯಾಚೆ ನಿಂತ ಹಾಗಿರುತ್ತದೆ.

ಹೆಂಗಸರು ಮಾತ್ರ ದರಗಿಗೆ ಹೋಗುವುದನ್ನು ನಿಲ್ಲಿಸಿಲ್ಲ. ಮಳೆಗೆ ಮುಂಚೆ ಒಣಗಿದ ಎಲೆ ಬಾಚಿ ತಂದು ಕೊಟ್ಟಿಗೆ ತುಂಬಿಸಿಕೊಳ್ಳಬೇಕಲ್ಲ. ಇವತ್ತು ಬೆಳಿಗ್ಗೆ ಬುಟ್ಟಿ ಹೊತ್ತು ಹೊರಟ ಏಳೆಂಟು ಜನರಿಗೆ ದಾರಿಗಡ್ಡ ನಿಂತೆ. ‘ಈ ವಾರ ಕಾಡಿಗೆ ಹೋಗ್ಬೇಡಿ. ಹೋಗೋದೇ ಆದ್ರೆ ಉಣ್ಣೆ ಹತ್ತದ ಹಾಗೆ ಕೈಕಾಲಿಗೆ ಎಣ್ಣೆ ಹಚ್ಕೊಳ್ಳಿ. ಲಸಿಕೆ ಹಾಕಿಸ್ಕೊಂಡಿದ್ದೀರಾ?’

‘ಲಸಿಕೆಯಾ?’ ಎಂದಳು ಮುಂದಿದ್ದವಳು. ‘ಅದರ ಬಲ ನಿಮ್ಮ ಮನೇಲೇ ನೋಡಿದ್ದೀವಲ್ಲ ಮಾರಾಯ್ರೆ.’

ಹಿಂದಿದ್ದವಳು ಅವಳನ್ನು ಮೊಣಕೈಯಿಂದ ತಿವಿದಳು. ಯಾರೂ ನಗಲಿಲ್ಲ. ನಾನು ಪಕ್ಕಕ್ಕೆ ಸರಿದೆ, ಅವರು ಹೋದರು.

ನಿನ್ನ ಅಮ್ಮ ಹೋಗಿ ಏಳು ವರ್ಷವಾಯಿತು ನಿಶ್ಚಿತಾ, ಈ ಊರಿನಲ್ಲಿ ಅದು ಇನ್ನೂ ನಿನ್ನೆಯದು. ಲಸಿಕೆ ಹಾಕುವವನ ಹೆಂಡತಿ ಎರಡೂ ಸೂಜಿ ತೆಗೆದುಕೊಂಡು, ದರಗಿಗೆ ಹೋಗಿ, ಉಣ್ಣೆ ಕಚ್ಚಿಸಿಕೊಂಡು, ಜ್ವರ ಬಂದು ಹನ್ನೊಂದೇ ದಿನಕ್ಕೆ ಸತ್ತಳು. ಊರಿನ ಮಟ್ಟಿಗೆ ವೀರಬಸಮ್ಮ ಎಂದರೆ ಇಷ್ಟೇ ಆಗಿಹೋಗಿದ್ದಾಳೆ. ಅವಳು ಮಾಡುತ್ತಿದ್ದ ಕೆಸುವಿನ ಪತ್ರೊಡೆ, ಅವಳು ಹಾಕುತ್ತಿದ್ದ ಕೌದಿಯ ಹೊಲಿಗೆ, ಯಾವುದೂ ಯಾರ ಬಾಯಲ್ಲೂ ಇಲ್ಲ.

ಮಧ್ಯಾಹ್ನ ಗಿಡ್ಡಯ್ಯ ಹಲಸಿನಕಾಯಿ ಹೊತ್ತುಕೊಂಡು ಬಂದ. ಆಗ ನಮ್ಮ ಗದ್ದೆಗೆ ಒತ್ತಿಕೊಂಡೇ ಅವನ ಗದ್ದೆ. ಈಗ ನನಗೆ ಗದ್ದೆಯಿಲ್ಲ, ಅವನ ಸ್ನೇಹ ಉಳಿದಿದೆ. ವಾರಕ್ಕೆರಡು ಸಲ ಏನಾದರೂ ತಂದು ಇಟ್ಟು, ಒಂದು ಲೋಟ ಚಹಾ ಕುಡಿದು, ನನಗೆ ಅಡುಗೆ ಬರುವುದಿಲ್ಲವೆಂದು ಹಂಗಿಸಿ ಹೋಗುತ್ತಾನೆ.

‘ಎಂತ ಜೈದೇವಣ್ಣ, ಹಾಳೆ ಮೇಲೆ ಹಾಳೆ ಬರೀತಿದೀಯ? ಕೋರ್ಟಿಗೆ ಹೋಗ್ತೀಯಾ?’

‘ಮಗಳಿಗೆ ಕಾಗದ. ಹೊಸ ಲಸಿಕೆ ತಗೊಳ್ಳೋದಾ ಬೇಡ್ವಾ ಅಂತ ಕೇಳಿದಾಳೆ.’

‘ಅದ್ಕೆ ಇಷ್ಟುದ್ದ ಬರೀಬೇಕಾ? ನನ್ನ ಕೇಳು, ಒಂದೇ ಸಾಲು ಹೇಳ್ತೀನಿ. ನಿನ್ನ ಹೆಂಡ್ತಿ ಎರಡು ಸೂಜಿ ಹಾಕಿಸ್ಕೊಂಡು ಹೋದ್ಲು. ನನ್ನ ಹೆಂಡ್ತಿ ಒಂದೂ ಹಾಕಿಸ್ಕೊಳ್ದೆ ಹೋದ್ಲು. ಎರಡೂ ಒಂದೇ ಆಯ್ತಲ್ಲ? ಸಾಯೋರು ಸಾಯ್ತಾರೆ, ಉಳಿಯೋರು ಉಳೀತಾರೆ. ಮಗೂಗೆ ಸುಮ್ನೆ ಯಾಕೆ ನೋವು ಕೊಡ್ತೀಯ?’

ಅವನ ಹೆಂಡತಿ ಸರೋಜ ನಿನ್ನ ಅಮ್ಮ ಹೋದ ಮರುವರ್ಷ ಅದೇ ಜ್ವರಕ್ಕೆ ಹೋದಳು. ಗಿಡ್ಡಯ್ಯ ಈ ಮಾತನ್ನು ಸಿಟ್ಟಿನಿಂದ ಹೇಳಲಿಲ್ಲ, ಹವೆಯ ಬಗ್ಗೆ ಹೇಳುವ ಹಾಗೆ ಹೇಳಿದ. ಆ ‘ಎರಡೂ ಒಂದೇ’ ಎಂಬುದರ ಮೇಲೆ ಅವನು ಆರು ವರ್ಷದಿಂದ ತಲೆಯಿಟ್ಟು ಮಲಗಿದ್ದಾನೆ. ಚಹಾಕ್ಕೆ ಸಕ್ಕರೆ ಸಾಲದು ಎಂದು ಬೈದು ಎದ್ದುಹೋದ.

ಅವನು ಹೋಗಿ ಅರ್ಧ ಗಂಟೆಗೆ ನಿನ್ನ ಫೋನು ಬಂತು. ಅವನನ್ನು ಕಳಿಸಲು ಇಳಿದವನು ಇನ್ನೂ ಮೆಟ್ಟಿಲ ಮೇಲೇ ಕೂತಿದ್ದೆ.

‘ಅಪ್ಪ, ಕೇಳಿಸ್ತಿದ್ಯಾ? ಮತ್ತೆ ಇಬ್ರು ಬಂದಿದ್ದಾರೆ. ಹಾಸ್ಟೆಲ್ ಹುಡುಗೀರು. ಗಂಟಲಿಂದ ಸ್ಯಾಂಪಲ್ ತೆಗ್ದು ಕಳಿಸಿದೀವಿ. ಮಳೆಗಾಲಕ್ಕೆ ಅಂದಿದ್ರು, ಈಗ್ಲೇ ಬಂತು. ನನ್ನ ಜೊತೆ ಡ್ಯೂಟಿಲಿರೋ ವನಮಾಲಾ ಸಿಸ್ಟರಿಗೂ ನಿನ್ನೆಯಿಂದ ಜ್ವರ.’

‘ನೀನು ಹುಷಾರಾಗಿದ್ದೀಯಾ?’

‘ಇದೀನಿ. ನೀನು ಕಾಗದ ಬರೀಲೇ ಇಲ್ಲ. ನಾನೇ ಯೋಚನೆ ಮಾಡ್ದೆ. ಸಹಿ ಹಾಕಿಬಿಡ್ತೀನಿ ಅಪ್ಪ. ಬೇಡ ಅಂತ.’

‘ಬಸವೇಶ್ ಹೇಳಿದ್ದಕ್ಕಾ?’

‘ಅವರು ಹೇಳಿದ್ದಕ್ಕಲ್ಲ. ಅತ್ತೆ ಹೇಳಿದ್ದಕ್ಕೂ ಅಲ್ಲ. ಅವರನ್ನೆಲ್ಲ ನಾನು ಒಪ್ಪಿಸ್ತೀನಿ. ಅಮ್ಮನಿಗೇ ಕೆಲಸ ಮಾಡ್ಲಿಲ್ವಲ್ಲ ಅಪ್ಪ. ದಿನಾ ಹತ್ತು ಮಕ್ಕಳಿಗೆ ಚುಚ್ತೀನಿ, ತಾಯಂದಿರಿಗೆ ಧೈರ್ಯ ಹೇಳ್ತೀನಿ. ಒಳಗೆ ನನಗೇ ನಂಬಿಕೆ ಇಲ್ಲ. ಅಮ್ಮನ ಜೊತೇನೇ ಹೋಯ್ತು ಅದು. ನೀನೇ ಹೇಳು, ನಾನು ತಪ್ಪಾ?’

ನಾನು ‘ಹಲೋ, ಹಲೋ’ ಎಂದೆ. ‘ಕೇಳಿಸ್ತಿಲ್ಲ ಮಗಾ, ಸಿಗ್ನಲ್ ಹೋಯ್ತು’ ಎಂದು ಫೋನು ಇಟ್ಟೆ.

ಕೇಳಿಸುತ್ತಿತ್ತು ನಿಶ್ಚಿತಾ. ಎಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಿನ್ನ ಹಿಂದೆ ಯಾರೋ ಎಡೆಬಿಡದೆ ಕೆಮ್ಮುತ್ತಿದ್ದುದು ಕೂಡ.

ಶುಕ್ರವಾರ, 23ನೇ ತಾರೀಕು, ಬೆಳಿಗ್ಗೆ ಆರು ಗಂಟೆ

ಇನ್ನು ಅಂಚೆಗೆ ಹಾಕಿದರೆ ನಾಳೆಯೊಳಗೆ ಸೇರುವುದಿಲ್ಲ. ಗಿಡ್ಡಯ್ಯ ಪಂಪ್‌ಸೆಟ್ಟಿನ ಫುಟ್‌ವಾಲ್ವ್ ತರಲು ಏಳರ ಬಸ್ಸಿಗೆ ಬಾಳಗಡಿಗೆ ಹೊರಟಿದ್ದಾನೆ. ‘ಹಾಗೇ ಕೊಪ್ಪಕ್ಕೆ ಹೋಗಿ ಆಸ್ಪತ್ರೇಲಿ ನಿನ್ನ ಮಗಳ ಕೈಗೇ ಕೊಡ್ತೀನಿ, ಕೂಸನ್ನ ನೋಡದೆ ವರ್ಷ ಆಯ್ತು’ ಎಂದ. ಅದಕ್ಕೆ ಬೇಗ ಮುಗಿಸುತ್ತೇನೆ.

ಸುದ್ದಿ ಒಳ್ಳೆಯದಿಲ್ಲ. ಮಂಗಳವಾರ ನನಗೆ ಉತ್ತರ ಕೊಟ್ಟು ಹೋದಳಲ್ಲ, ಆ ಹೆಂಗಸಿಗೆ ನಿನ್ನೆಯಿಂದ ಜ್ವರ. ಕಾಡಿಗೆ ಅವಳು ಹೋದದ್ದು ಅದೇ ಮೊದಲಲ್ಲ, ತಿಂಗಳಿನಿಂದ ಹೋಗುತ್ತಿದ್ದಾಳೆ. ಕಣ್ಣು ಕೆಂಡದ ಹಾಗಿದೆ, ತಲೆ ಸಿಡಿಯುತ್ತದೆ ಎಂದು ಹಣೆಗೆ ಸೀರೆಯ ಅಂಚು ಬಿಗಿದುಕೊಂಡಿದ್ದಳು. ಜೀಪಿಗೆ ಹತ್ತಿಸುವಾಗ ನನ್ನನ್ನು ನೋಡಿ ‘ತಪ್ಪು ಮಾತಾಡ್ದೆ ಅಣ್ಣ’ ಎಂದಳು. ಅವಳು ಆಡಿದ್ದರಲ್ಲಿ ತಪ್ಪೇನಿತ್ತು? ಎಲ್ಲರಿಗೂ ತಿಳಿದದ್ದನ್ನೇ ಆಡಿದ್ದಳು.

ನಾಳೆ ಹತ್ತು ಗಂಟೆಗೆ ನೀನು ಏನು ಮಾಡಬೇಕು ಎಂಬುದರ ಬಗ್ಗೆ ಫಾರ್, ಅಗೆನ್ಸ್ಟ್ ಎರಡನ್ನೂ ಮೇಲೆ ಬರೆದಿದ್ದೇನೆ. ನೀನು ನನಗಿಂತ ಹೆಚ್ಚು ಓದಿದವಳು. ಕನ್‌ಕ್ಲೂಷನ್ ಅನ್ನು ನಿನ್ನ ವಿವೇಕಕ್ಕೆ ಬಿಟ್ಟಿದ್ದೇನೆ. ಏನು ಮಾಡಿದರೂ ಈ ಅಪ್ಪನ ಒಪ್ಪಿಗೆಯಿದೆ.

ಸಿರಿಗೆ ಮುತ್ತುಗಳು. ಅವಳಿಗೆ ಕೊಬ್ಬರಿ ಮಿಠಾಯಿ ಗಿಡ್ಡಯ್ಯನ ಕೈಯಲ್ಲೇ ಕಳಿಸಿದ್ದೇನೆ. ಬಸವೇಶನಿಗೂ ಹಿರಿಯರಿಗೂ ನನ್ನ ಶರಣು. ನಿನ್ನ ಮೈಯನ್ನೂ ನಿನ್ನ ಮನೆಯನ್ನೂ ಆ ವೀರಭದ್ರ ಕಾಯಲಿ.

ಇಂತು ನಿನ್ನ ಅಪ್ಪ,
ಜಯದೇವಪ್ಪ

ಸಹಿಯ ಕೆಳಗೆ ಬರೆಯುತ್ತಿರುವುದು:

ಮಡಚಿದ್ದೆ, ಮತ್ತೆ ಬಿಚ್ಚಿದೆ. ಗಿಡ್ಡಯ್ಯ ಬಂದು ಕೆಳಗೆ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಿದ್ದಾನೆ. ಬಸ್ಸಿಗೆ ಇನ್ನು ಇಪ್ಪತ್ತು ನಿಮಿಷ. ವಿವೇಕಕ್ಕೆ ಬಿಟ್ಟಿದ್ದೇನೆ ಎಂದು ಬರೆದಿರುವುದನ್ನು ಹೊಡೆದುಹಾಕು.

ನಿನ್ನ ಅಮ್ಮ ಎರಡನೇ ಸೂಜಿ ತೆಗೆದುಕೊಂಡಿರಲಿಲ್ಲ.

ಅದು ಎರಡು ಸಾವಿರದ ಎರಡನೇ ಇಸವಿಯ ನವೆಂಬರ್, ಕೊಯ್ಲಿನ ಕಾಲ. ನೀನು ನರ್ಸಿಂಗ್ ಹಾಸ್ಟೆಲಿನಲ್ಲಿದ್ದೆ. ಮೊದಲ ಸೂಜಿಗೆ ಅವಳ ತೋಳು ಐದು ದಿನ ಊದಿಕೊಂಡು, ಕೊಡ ಎತ್ತಲು ಆಗಿರಲಿಲ್ಲ. ಎರಡನೇ ರೌಂಡಿನ ಮರುದಿನವೇ ಗಿಡ್ಡಯ್ಯನ ಗದ್ದೆಯ ಕೊಯ್ಲು. ಸರೋಜ ಮೂರು ದಿನ ನಮ್ಮ ಗದ್ದೆಗೆ ಮುಯ್ಯಾಳಾಗಿ ಬಂದು ಕೊಯ್ದು ಕೊಟ್ಟಿದ್ದಳು. ಅದಕ್ಕೆ ಬದಲು ಇವಳು ಮೂರು ದಿನ ಅಲ್ಲಿಗೆ ಹೋಗಿ ಕೊಯ್ಯಲೇಬೇಕು. ‘ಸೂಜಿ ನೋವು ಅಂತ ಮನೇಲಿ ಕೂತ್ರೆ ಸರೋಜ ಎಂತ ಅಂದ್ಕೊಳ್ತಾಳೆ? ನಂದೂ ಬರ್ಕೊಂಡ್ಬಿಡಿ. ಊರವರದ್ದೆಲ್ಲ ಬರ್ಕೊಳ್ತೀರಲ್ಲ’ ಎಂದಳು.

ನಿಜ, ಊರವರದ್ದೆಲ್ಲ ಬರೆದುಕೊಳ್ಳುತ್ತಿದ್ದೆ. ಎರಡನೇ ರೌಂಡಿಗೆ ತಪ್ಪಿಸಿಕೊಂಡವರ ಹೆಸರಿನ ಮುಂದೆ ಸಂಜೆ ಜೀಪಿನಲ್ಲಿ ಕೂತು ಟಿಕ್ ಹಾಕುವುದು ನನ್ನ ರೂಢಿ. ನೂರಕ್ಕೆ ತೊಂಬತ್ತು ಆಯಿತೆಂದು ತೋರಿಸಬೇಕೆಂಬ ಆಸೆ. ಸುಬ್ರಾಯನಿಗೆ ಗೊತ್ತಿತ್ತು. ನಿನ್ನ ಅಮ್ಮನ ಹೆಸರನ್ನು ಮೊದಲ ಸಾಲಿಗೇ ಬರೆದೆ, ನೋಡಿದವರಿಗೆ ಧೈರ್ಯ ಬರಲಿ ಎಂದು. ಅವಳ ಪಾಲಿನ ಔಷಧಿಯನ್ನು ಬೇಲಿಯ ಬುಡಕ್ಕೆ ಚೆಲ್ಲಿದೆ. ಅವಳು ಮರುದಿನ ಹಾಡುತ್ತಾ ಕೊಯ್ಲಿಗೆ ಹೋದಳು.

ಮರುವರ್ಷ ಏಪ್ರಿಲ್‌ನಲ್ಲಿ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಡಾಕ್ಟರು ಕೇಳಿದರು, ಲಸಿಕೆ ಎಷ್ಟು ಆಗಿದೆ ಎಂದು. ನನ್ನ ಮೇಲಧಿಕಾರಿ ಅಲ್ಲೇ ನಿಂತಿದ್ದರು. ‘ಬೋತ್ ಡೋಸಸ್ ಕಂಪ್ಲೀಟೆಡ್, ಸರ್’ ಎಂದೆ. ಇಂಗ್ಲಿಷಿನಲ್ಲಿ ಹೇಳಿದ್ದು ಅವಳಿಗೆ ತಿಳಿಯದಿರಲಿ ಎಂದು. ತಿಳಿಯಿತು. ಕೆಂಪಡರಿದ ಕಣ್ಣು ತೆರೆದು ನನ್ನನ್ನೇ ನೋಡಿದಳು. ಮಾರನೆಯ ದಿನ ನೀನು ಬಂದೆ, ನಿನಗೂ ಅದನ್ನೇ ಹೇಳಿದೆ, ಈ ಸಲ ಕನ್ನಡದಲ್ಲಿ.

ಅದೇ ವರ್ಷದ ನವೆಂಬರಿನಲ್ಲಿ ಲಸಿಕೆಯ ಪೆಟ್ಟಿಗೆ ಹಿಡಿದು ಸರೋಜಳ ಬಾಗಿಲಿಗೆ ಹೋದೆ. ‘ವೀರಬಸಕ್ಕನಿಗೇ ಎರಡು ಕೊಟ್ಟು ಎಂತ ಆಯ್ತು ಅಣ್ಣ?’ ಎಂದಳು. ಜಗುಲಿಯಲ್ಲಿ ನಾವಿಬ್ಬರೇ ಇದ್ದೆವು. ಒಂದು ಮಾತು ಹೇಳಿದ್ದರೆ ಸಾಕಿತ್ತು. ‘ಆಯ್ತು ಮಾರಾಯ್ತಿ, ನಿನ್ನಿಷ್ಟ’ ಎಂದು ಪೆಟ್ಟಿಗೆ ಮುಚ್ಚಿಕೊಂಡು ಬಂದೆ. ಮಾರ್ಚಿಗೆ ಅವಳೂ ಹೋದಳು.

ಎರಡೂ ಸೂಜಿ ಆಗಿದ್ದರೆ ನಿನ್ನ ಅಮ್ಮ ಉಳಿಯುತ್ತಿದ್ದಳೋ, ಗೊತ್ತಿಲ್ಲ. ಆ ಲಸಿಕೆ ಎಲ್ಲರನ್ನೂ ಉಳಿಸುವಂಥದ್ದಲ್ಲ. ನಿಮ್ಮ ಹೊಸ ಲಸಿಕೆಯ ಬಗ್ಗೆಯೂ ನನಗೆ ಗೊತ್ತಿಲ್ಲ. ತಗೋ ಎನ್ನುವ ಯೋಗ್ಯತೆ ನನಗಿಲ್ಲ. ಆದರೆ ಬೇಡ ಎನ್ನಲು ನೀನು ಹಿಡಿದುಕೊಂಡಿರುವ ಕಾರಣ ನಡೆದದ್ದಲ್ಲ, ನಾನು ಬರೆದದ್ದು. ಅದನ್ನು ತೆಗೆದುಹಾಕಿ ಆಮೇಲೆ ಯೋಚಿಸು. ದೊಡ್ಡ ಡಾಕ್ಟರನ್ನು ಕೇಳು. ಈ ಹಾಳೆಯನ್ನು ಬಸವೇಶನಿಗೂ ತೋರಿಸು. ನನ್ನನ್ನು ಏನು ಬೇಕಾದರೂ ಅನ್ನು, ಆದರೆ ನಾಳೆ ಹತ್ತು ಗಂಟೆಯಾದ ಮೇಲೆ ಅನ್ನು.

ಕೆಳಗಿನಿಂದ ಕೂಗುತ್ತಿದ್ದಾನೆ: ‘ಆಯ್ತಾ ಜೈದೇವಣ್ಣ? ಬಸ್ಸು ತಿರುವಿಗೆ ಬಂತು!’

ಗಿಡ್ಡಯ್ಯನಿಗೆ ಓದಲು ಬರುವುದಿಲ್ಲ. ಅವನಿಗೆ ನಾನು ಇನ್ನೂ ಹೇಳಿಲ್ಲ. ನೀನು ಇದನ್ನು ಓದುವಾಗ ಅವನು ನಿನ್ನೆದುರಿನ ಬೆಂಚಿನ ಮೇಲೆ ಕೂತು ನಿನ್ನ ಮುಖವನ್ನೇ ನೋಡುತ್ತಿರುತ್ತಾನೆ, ಎಂತ ಬರೆದಿದಾನೆ ಎಂದು ಕೇಳುತ್ತಾನೆ. ನೀನು ಏನೂ ಹೇಳಬೇಡ, ಅದು ನನ್ನ ಕೆಲಸ. ಅವನು ಐದೂವರೆಯ ಬಸ್ಸಿಗೆ ವಾಪಸು ಬರುತ್ತಾನೆ. ನಾನು ಸ್ಟಾಪಿನಲ್ಲಿ ನಿಂತಿರುತ್ತೇನೆ.